ಮರದ ಬಟ್ಟಲಿನ ನುಣುಪು

ಈ ಹೊತ್ತಿನ ನಮ್ಮ ಮಾತು ಬಹು ಅಲ್ಪವಾದ ವಸ್ತುವೊಂದನ್ನು ಕುರಿತದ್ದು. ಕಡಸಲಿನ ಮೇಲೆ ಕಡೆದ ಮರದ ಬಟ್ಟಲಿಗೆ ನುಣುಪು ಎಲ್ಲಿಂದ ಬರುತ್ತದೆ ಎಂಬುದೇ ವಿಷಯ. ಕಡಸಲು ಎಂದರೆ ಮರವನ್ನು ಗಿರ್ರನೆ ಸುತ್ತಿಸಿ ಉಳಿಯ ಬಾಯಿಗೆ ಒಡ್ಡುವ ಯಂತ್ರ. ಪಟ್ಟಣಿಗರ ಮಾತಿನಲ್ಲಿ ಈಗ ಅದಕ್ಕೆ ಲೇತು ಎಂದು ಹೆಸರು. ಲೋಕದ ನೂರು ಸುದ್ದಿಗಳ ನಡುವೆ ಇದಕ್ಕೊಂದು ಗಳಿಗೆಯನ್ನು ಏಕೆ ಕೊಡಬೇಕೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಇಷ್ಟೆ: ನುಣುಪಿನ ವಿಷಯದಲ್ಲಿ ಕೊಳ್ಳುವವರಿಗೆ ತಿಳಿವಳಿಕೆ ಸಾಲದೆ ಇರುವುದರಿಂದ ಕಡೆಯುವವರು ದೂಳು ಕುಡಿಯುತ್ತಿದ್ದಾರೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಉದಾಹರಣೆಗಳು ಬಹುಮಟ್ಟಿಗೆ ಕೃಷ್ಣೆ ಘಟಪ್ರಭೆಗಳ ನೀರುಂಡ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯವು. ಜಮಖಂಡಿಯೂ ಮುಧೋಳವೂ ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ಲೀನವಾಗುವವರೆಗೆ ತಮ್ಮ ತಮ್ಮ ಅರಸರ ಆಳ್ವಿಕೆಯಲ್ಲಿದ್ದವು. ೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ಮೈಸೂರು ರಾಜ್ಯಕ್ಕೆ ಬಂದವು. ೧೯೯೭ರಿಂದ ಈ ಸೀಮೆಯೆಲ್ಲ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಇದು ಎರೆಮಣ್ಣಿನ ನಾಡು, ದಟ್ಟವಾದ ಅಡವಿಯ ನಾಡಲ್ಲ. ಇಲ್ಲಿಯ ಮರವೆಂದರೆ ಹೊಲದ ಬದುವಿನ ಜಾಲಿ, ಊರ ಮುಂದಿನ ಬೇವು, ಹುಣಸೆ, ಮಾವು. ತೇಗವು ಹೊರಗಿನಿಂದ ಬರತಕ್ಕದ್ದು. ಹೀಗಿದ್ದರೂ ಮನೆಯೊಳಗೆ ಕಣ್ಣು ಹಾಯಿಸಿದರೆ ಕಡೆದ ಮರಕ್ಕೆ ಕೊರತೆಯಿಲ್ಲ: ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಮಕ್ಕಳ ಬುಗುರಿ, ತವರಿನಿಂದ ಬಂದ ಕಲಘಟಗಿಯ ಅರಗಿನ ತೊಟ್ಟಿಲು. ಕಡೆಯುವ ಕಲೆ ನಮ್ಮಲ್ಲಿ ನಿನ್ನೆ ಮೊನ್ನೆಯದೂ ಅಲ್ಲ. ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಕಂಬಗಳನ್ನು ಕಂಡವರಿಗೆ, ಕಲ್ಲನ್ನೂ ಹೀಗೆ ಸುತ್ತಿಸಿ ಕಡೆದಿರಬೇಕೆಂದು ತೋರದೆ ಇರದು.

ರಬಕವಿ-ಬನಹಟ್ಟಿಗಳು ನೇಕಾರರ ಊರುಗಳೆಂಬುದು ತಮಗೆಲ್ಲ ತಿಳಿದದ್ದೆ. ಮರದ ನುಣುಪಿಗೆ ನೇಕಾರನಂಥ ಪರೀಕ್ಷಕನು ಮತ್ತೊಬ್ಬನಿಲ್ಲ. ಲಾಳಿಯ ಹೊಟ್ಟೆಯಲ್ಲಿ ಕೂಡುವ ಕಂಡಿಕೆಯನ್ನು ನೋಡಿರಿ. ಅದರ ಮೈಮೇಲೆ ಕೂದಲಿನಷ್ಟು ನಾರೊಂದು ಎದ್ದಿದ್ದರೆ ಸಾಕು, ಬಿಚ್ಚಿಕೊಳ್ಳುವ ನೂಲು ಅಲ್ಲಿ ತೊಡರುತ್ತದೆ, ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಕಂಡಿಕೆ ಕಡೆದವನು ಅದರ ಮೇಲೆ ಎಂಥ ಬಣ್ಣ ಬಳಿದು ಕೊಟ್ಟರೂ ನೂಲು ಮೋಸಹೋಗುವುದಿಲ್ಲ. ಈಗ ಆ ಊರುಗಳಲ್ಲಿ ವಿದ್ಯುತ್ತಿನ ಮಗ್ಗಗಳು ಹಬ್ಬಿವೆ, ಮರದ ಕಂಡಿಕೆಯ ಜಾಗಕ್ಕೆ ಬಹುಮಟ್ಟಿಗೆ ಪ್ಲಾಸ್ಟಿಕ್ಕು ಬಂದಿದೆ. ಆ ಮಾತು ಬೇರೆ. ಬಟ್ಟಲನ್ನು ಕೊಳ್ಳುವ ನಾವು ನೀವು ಮಾತ್ರ ನೂಲಿನಷ್ಟು ಜಾಣರಲ್ಲ. ಹೊಳಪನ್ನು ನುಣುಪೆಂದು ತಿಳಿಯುತ್ತೇವೆ.

ಹೊಳಪಿನ ಕೆಳಗೆ ಏನಿದೆ ಎಂಬುದನ್ನು ಅರಿಯಲು ಮರದ ಮೈಯನ್ನು ಅರಿಯಬೇಕು. ಮರವು ನಾರಿನ ಕಟ್ಟು. ಜೋಳದ ದಂಟಿನ ಸಿವುಡೊಂದನ್ನು ಬಿಗಿಯಾಗಿ ಕಟ್ಟಿ ನಿಲ್ಲಿಸಿದಂತೆ, ಬೇರಿನಿಂದ ತಲೆಯವರೆಗೆ ನಾರುಗಳು ನಿಂತಿರುತ್ತವೆ. ಲಟ್ಟಣಿಗೆಯನ್ನು ಕಡೆಯುವಾಗ ಈ ಕಟ್ಟು ಕಡಸಲಿನ ಉದ್ದಕ್ಕೆ ಮಲಗಿರುತ್ತದೆ. ಉಳಿಗೆ ಎಲ್ಲ ಕಡೆಯೂ ನಾರಿನ ಮಗ್ಗುಲೇ ಸಿಕ್ಕುತ್ತದೆ. ಅಗಲವಾದ ಬಟ್ಟಲಿನ ಸ್ಥಿತಿ ಹಾಗಲ್ಲ. ಅದನ್ನು ಹಲಗೆಯಿಂದ ದುಂಡಗೆ ಕೊಯ್ದು ತೆಗೆಯುವುದರಿಂದ ನಾರು ಅಡ್ಡಲಾಗಿ ಬೀಳುತ್ತದೆ. ಅದು ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿಯ ಬಾಯಿಗೆ ಎರಡು ಸಲ ನಾರಿನ ಮಗ್ಗುಲು, ಎರಡು ಸಲ ನಾರಿನ ತುದಿ ಎದುರಾಗುತ್ತವೆ. ಮುಧೋಳದ ಬೇಟೆನಾಯಿಯ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ರೇಷ್ಮೆ. ಬಾಲದಿಂದ ತಲೆಯ ಕಡೆಗೆ ಸವರಿದರೆ ರೋಮವೆಲ್ಲ ನಿಮಿರಿ ನಿಲ್ಲುತ್ತದೆ. ಬಟ್ಟಲು ಕಡೆಯುವವನು ನಿಮಿಷಕ್ಕೆ ನೂರಾರು ಸಲ ಹೀಗೆ ಎರಡು ದಿಕ್ಕಿನಲ್ಲಿಯೂ ಸವರುತ್ತಿರಬೇಕು. ರೋಮ ನಿಮಿರುವ ಕಡೆಯಲ್ಲಿ ನಾರು ಕತ್ತರಿಸಿಹೋಗದೆ ಬುಡಸಹಿತ ಕಿತ್ತುಬರುತ್ತದೆ. ಚೆನ್ನಾಗಿಲ್ಲದ ಯಾವ ಬಟ್ಟಲನ್ನು ತೆಗೆದುಕೊಂಡರೂ ಒಂದಕ್ಕೊಂದು ಎದುರಾಗಿ ಎರಡು ಕಡೆ ಒರಟು ಕಲೆಗಳಿರುವುದು ಈ ಕಾರಣದಿಂದ.

ಎಲ್ಲ ಮರವೂ ಸಮನಾಗಿ ಕಾಡುವುದಿಲ್ಲ. ಚನ್ನಪಟ್ಟಣದವರು ಗೊಂಬೆಗೆ ಆರಿಸಿಕೊಂಡ ಹಾಲೆಮರ ಬಿಳಿಯದು, ನಯವಾದ ನಾರಿನದು, ಹೇಳಿದಂತೆ ಕೇಳತಕ್ಕದ್ದು. ನಮ್ಮ ಜಾಲಿ ಗಡಸು. ಒಣಗಿದ ಮೇಲಂತೂ ಉಳಿಯ ಬಾಯನ್ನು ಬೇಗ ಮುರಿಯುತ್ತದೆ. ಬೇವಿನ ನಾರು ಒಂದು ಪದರಿನಲ್ಲಿ ಬಲಕ್ಕೆ, ಮುಂದಿನ ಪದರಿನಲ್ಲಿ ಎಡಕ್ಕೆ ಹೆಣೆದುಕೊಂಡಿರುತ್ತದೆ. ಯಾವ ದಿಕ್ಕಿನಿಂದ ಹೋದರೂ ಯಾವುದೋ ಒಂದು ಪದರಿಗೆ ವಿರೋಧವೇ. (ಬೇವಿನ ಬಟ್ಟಲಿನಲ್ಲಿ ಮಜ್ಜಿಗೆ ಕುಡಿಯುವ ಆಸೆಯಿರುವವರು ಯುಗಾದಿಯ ದಿನವನ್ನು ಆರಿಸಿಕೊಳ್ಳುವುದು ಒಳ್ಳೆಯದು.) ತೇಗದೊಳಗೆ ಮರಳಿನಂಥ ಕಣಗಳಿರುವುದರಿಂದ ಮರ ಮೆತ್ತಗಿದ್ದರೂ ಉಳಿ ಬೇಗ ಮೊಂಡಾಗುತ್ತದೆ.

ಉಳಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕಡಿಯುವುದು, ಇನ್ನೊಂದು ಹೆರೆಯುವುದು. ಕಡಿಯುವ ಉಳಿಯ ಬಾಯಿ ದೋಣಿಯಂತೆ ಬಾಗಿರುತ್ತದೆ. ಅದರ ಇಳಿಜಾರಾದ ಬೆನ್ನು ಮರದ ಮೇಲೆ ಒರಗಿಕೊಂಡು ಹೋಗುತ್ತ ಬಾಯಿಗೆ ದಾರಿ ತೋರಿಸುತ್ತದೆ. ಬಟ್ಟಲಿನ ಆಕಾರವೆಲ್ಲ ಇದರಿಂದಲೇ ಬರತಕ್ಕದ್ದು. ಹೆರೆಯುವ ಉಳಿ ಬರಿಯ ಚಪ್ಪಟೆಯ ಉಕ್ಕಿನ ಪಟ್ಟಿ. ತುದಿಯನ್ನು ದುಂಡಗೋ ಓರೆಯಾಗಿಯೋ ಸಾಣೆ ಹಿಡಿದಿರುತ್ತಾರೆ. ಮನೆಯ ಹೆರೆಮಣೆಯ ವಂಶದ್ದೆಂದು ಹೇಳಿದರೆ ತಪ್ಪಾಗದು. ಅದನ್ನು ನೋಡಿದವರು ಇದರಲ್ಲೇನು ವಿದ್ಯೆ ಎಂದು ಮೂಗು ಮುರಿಯುವುದುಂಟು. ಕಡಸಲಿನ ಪಂಡಿತರಲ್ಲಿಯೂ ಕೆಲವರು, ಕಡಿಯುವ ಉಳಿಯನ್ನು ನಡೆಸಲು ಬಾರದವರು ಹೆರೆಯುವ ಉಳಿಗೆ ಮೊರೆಹೋಗುತ್ತಾರೆಂದು ಹೇಳುತ್ತಾರೆ. ನೆಟ್ಟನೆಯ ನಾರಿನ ಮರಕ್ಕೆ ಈ ಮಾತು ಸಲ್ಲಬಹುದು. ಬೇವಿಗೂ ಜಾಲಿಗೂ ಸಲ್ಲದು. ಬಟ್ಟಲಿನ ಒಳಗಣ ತಳಕ್ಕಂತೂ ಎಲ್ಲಿಯೂ ಸಲ್ಲದು. ಏಕೆಂದರೆ ಗೋಡೆಯು ತಳಕ್ಕೆ ತಿರುಗುವ ಆ ಬಾಗಿನಲ್ಲಿ ಕಡಿಯುವ ಉಳಿಯ ಬೆನ್ನಿಗೆ ಒರಗಲು ಎಡೆ ಸಿಕ್ಕುವುದು ಕಷ್ಟ.

ಹೆರೆಯುವ ಉಳಿಯ ಗುಟ್ಟೆಲ್ಲ ಕಣ್ಣಿಗೆ ಕಾಣದ ಒಂದು ಕೊಕ್ಕೆಯಲ್ಲಿದೆ. ಪಟ್ಟಿಯ ತುದಿಯನ್ನು ಎಪ್ಪತ್ತು ಎಂಬತ್ತು ಅಂಶಗಳ ಕೋನಕ್ಕೆ ಸಾಣೆ ಹಿಡಿದಾಗ ಉಕ್ಕಿನ ಅಂಚು ತುಸು ಮೇಲಕ್ಕೆ ಮಡಿಚಿಕೊಳ್ಳುತ್ತದೆ. ನಾರನ್ನು ಕತ್ತರಿಸುವುದು ಈ ಮಡಿಕೆಯೇ. ಸಾಣೆಯಿಂದ ನೇರವಾಗಿ ಬಂದ ಮಡಿಕೆ ಗರಗಸದಂತೆ ಏರಿಳಿತವಾಗಿರುತ್ತದೆ. ಆದುದರಿಂದ ಬಲ್ಲವರು ಅದನ್ನು ಮಸೆಗಲ್ಲಿನ ಮೇಲೆ ಪೂರ್ತಿಯಾಗಿ ಉಜ್ಜಿ ತೆಗೆದುಬಿಡುತ್ತಾರೆ. ಆಮೇಲೆ ಉಳಿಗಿಂತಲೂ ಗಡಸಾದ ಉಕ್ಕಿನ ದುಂಡು ಸಲಾಕೆಯನ್ನು ಅಂಚಿನ ಮೇಲೆ ಒತ್ತಿ ಎರಡು ಮೂರು ಸಲ ಎಳೆಯುತ್ತಾರೆ. ಆಗ ಏಳುವ ಕೊಕ್ಕೆ ಸಣ್ಣದು, ಸಮವಾದದ್ದು, ಹೆಚ್ಚು ಹೊತ್ತು ಬಾಳತಕ್ಕದ್ದು. ಅದು ಎದ್ದಿದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಸವರಿ ತಿಳಿಯುತ್ತಾರೆ. ಅಂಚಿನ ಉದ್ದಕ್ಕೆ ಸವರಿದವನು ಇನ್ನೊಮ್ಮೆ ಸವರುವುದಿಲ್ಲ.

ಹೆಚ್ಚು ಹೊತ್ತು ಎಂದೆವು. ಒಣಗಿದ ಗಡಸು ಮರದ ಮೇಲೆ ಅದು ಕೆಲವೇ ನಿಮಿಷಗಳ ಮಾತು. ಅಂಚಿಗೆ ಜೀವವಿರುವವರೆಗೆ ಮರದಿಂದ ಹಿಂಜಿದ ಅರಳೆಯಂಥ ಸುರುಳಿಗಳು ಹಾರಿಬರುತ್ತವೆ. ಜೀವ ಹೋದೊಡನೆ ಸುರುಳಿ ನಿಂತು ದೂಳು ಬೀಳುತ್ತದೆ. ದೂಳು ಬಿದ್ದಾಗ ಕೈ ತಾನಾಗಿಯೇ ಹೆಚ್ಚು ಒತ್ತುತ್ತದೆ, ಒತ್ತಿದಷ್ಟೂ ನಾರು ಕೀಳುತ್ತದೆ. ಈ ಹೊತ್ತಿನಲ್ಲಿ ಕಡಸಲನ್ನು ನಿಲ್ಲಿಸಿ ಮಸೆಗಲ್ಲಿನ ಬಳಿಗೆ ಹೋಗುವವನು ಕಸುಬುದಾರ. ಇಡೀ ವಿದ್ಯೆಯಲ್ಲಿ ಕಲಿಯಲು ಅತಿ ಕಷ್ಟವಾದದ್ದು ಹೀಗೆ ಎದ್ದುಹೋಗುವುದೇ ಎಂದು ನಮ್ಮ ಎಣಿಕೆ.

ಇನ್ನು ಹಿಡಿಯುವ ಕ್ರಮ. ಉಳಿಯನ್ನು ಊರಿಕೊಳ್ಳಲು ಕಡಸಲಿನಲ್ಲಿ ಒಂದು ಅಡ್ಡಪಟ್ಟಿಯಿರುತ್ತದೆ. ಅದರ ಮೇಲೆ ಉಳಿಯನ್ನಿಟ್ಟು ಹಿಡಿಯನ್ನು ಸ್ವಲ್ಪ ಮೇಲೆ ಎತ್ತಬೇಕು, ಬಾಯಿ ಸ್ವಲ್ಪ ಕೆಳಗೆ ನೋಡಬೇಕು. ಬಟ್ಟಲಿನ ಒಳಗನ್ನು ಹೆರೆಯುವಾಗ ಬಾಯಿ ನಡುಮಟ್ಟಕ್ಕಿಂತ ಕೂದಲೆಳೆ ಮೇಲಿರಬೇಕು, ಹೊರಗನ್ನು ಹೆರೆಯುವಾಗ ಕೂದಲೆಳೆ ಕೆಳಗಿರಬೇಕು. ಇದು ಬರಿಯ ಸಂಪ್ರದಾಯವಲ್ಲ. ಮರವು ಉಳಿಯನ್ನು ಯಾವಾಗಲೂ ಕೆಳಕ್ಕೆ ದೂಡುತ್ತದೆ. ಹೇಳಿದ ಮಟ್ಟದಲ್ಲಿ ಹಿಡಿದಿದ್ದರೆ ಉಳಿ ಸಿಕ್ಕಿಬಿದ್ದರೂ ಅದರ ಬಾಯಿ ಬಯಲಿಗೆ ಜಾರುತ್ತದೆ; ತಿರುವುಮುರುವಾಗಿ ಹಿಡಿದಿದ್ದರೆ ಮರದೊಳಗೆ ಕಚ್ಚಿಕೊಳ್ಳುತ್ತದೆ. ಆಗ ಬಟ್ಟಲು ಒಡೆಯಬಹುದು. ಒಡೆದ ಹೋಳು ಮುಖಕ್ಕೆ ಹಾರಬಹುದು. ಸವೆದ ಅರಗಳನ್ನು ಹೆರೆಯುವ ಉಳಿಯಾಗಿ ಮಾಡಿಕೊಳ್ಳುವ ರೂಢಿಯನ್ನು ನಾವು ಮೆಚ್ಚಲಾರೆವು. ಅರದ ಉಕ್ಕು ಗಡಸಾದರೂ ಗಾಜಿನಂತೆ ಮುರಿಯತಕ್ಕದ್ದು. ಹದವಿಳಿಸದೆ ಅದನ್ನು ಬಟ್ಟಲಿನೊಳಗೆ ಚಾಚುವುದು ಅಪಾಯ. ಎಂಟು ಹತ್ತು ಮಿಲಿಮೀಟರು ದಪ್ಪದ ಒಳ್ಳೆಯ ಉಕ್ಕಿನ ಪಟ್ಟಿಯೇ ಬೇಕು. ದಪ್ಪವಿದ್ದಷ್ಟೂ ನಡುಕ ಕಡಿಮೆ.

ಹೊರಮೈಯನ್ನು ಕೊನೆಯ ಸಲ ಹೆರೆಯುವಾಗ ಉಳಿಯನ್ನು ಚಪ್ಪಟೆಯಾಗಿ ಇಡದೆ ಮಗ್ಗುಲಾಗಿ, ಸುಮಾರು ನಲವತ್ತೈದು ಅಂಶದಷ್ಟು ಓರೆ ಮಾಡಿ ಹಿಡಿದರೆ ಫಲ ಬೇರೆಯೇ. ಈಳಿಗೆಮಣೆಯ ಮೇಲೆ ಮಾಗಿದ ಹಣ್ಣನ್ನು ಹೆಚ್ಚುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಣ್ಣನ್ನು ಅಲಗಿಗೆ ನೇರವಾಗಿ ಒತ್ತಿದರೆ ಜಜ್ಜಿಹೋಗುತ್ತದೆ; ಓರೆಯಾಗಿ ಎಳೆದರೆ ಸಿಪ್ಪೆಯೂ ಹರಿಯದಂತೆ ಹೋಳು ಬೀಳುತ್ತದೆ. ನಾರಿನ ಗತಿಯೂ ಅದೇ. ಹೀಗೆ ಹಿಡಿದಾಗ ಅಂಚಿನ ಕೆಳಗಣ ಭಾಗ ಮಾತ್ರ ಮರವನ್ನು ಮುಟ್ಟಬೇಕೆಂಬುದನ್ನು ಮರೆಯಬಾರದು. ಮೇಲಣ ಮೂಲೆ ಮುಟ್ಟಿದರೆ ಉಳಿ ಕೈಯಲ್ಲಿ ಮಗುಚಿಕೊಳ್ಳುತ್ತದೆ. ಈಚಿನ ದಶಕಗಳಲ್ಲಿ ಪಶ್ಚಿಮದೇಶಗಳ ಕಸುಬುದಾರರಲ್ಲಿ ಇನ್ನೊಂದು ಬಗೆಯ ಉಳಿ ಬಳಕೆಗೆ ಬಂದಿದೆ. ಅದರ ಮೇಲ್ಮೈಗೂ ಒಂದು ಇಳಿಜಾರು ಕೊಟ್ಟಿರುತ್ತಾರೆ; ಅದು ಮರವನ್ನು ಕಚ್ಚುವುದೇ ಇಲ್ಲವೆಂಬಷ್ಟು ಸೌಮ್ಯ. ಒಣಗಿದ ಗಡಸು ಮರಕ್ಕೆ, ನಮ್ಮ ಜಾಲಿಯಂಥದಕ್ಕೆ, ಅದು ಹೇಳಿಮಾಡಿಸಿದಂತಿದೆ. ಹಸಿಮರಕ್ಕೆ ಉಪಯೋಗವಿಲ್ಲ.

ಹಸಿಮರ ಎಂದಾಗ ಒಂದು ಮಾತು. ಒಣಗುವಾಗ ಮರವು ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ವರ್ಷದ ಬಳೆಗಳ ಸುತ್ತಿನಲ್ಲಿ ಎಷ್ಟು ಕುಗ್ಗುತ್ತದೆಯೋ ಅದರ ಸುಮಾರು ಅರ್ಧದಷ್ಟು ಮಾತ್ರ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು. ಇಂದು ದುಂಡಗಿದ್ದ ಹಸಿಯ ಬಟ್ಟಲು ಕೆಲವು ತಿಂಗಳಲ್ಲಿ ಮೊಟ್ಟೆಯಾಕಾರಕ್ಕೆ ಬರುವುದು ಇದರಿಂದ. ಆದಕಾರಣ ಮೊದಲು ಒರಟಾಗಿ, ಅಗಲದ ಹತ್ತನೆಯ ಒಂದು ಪಾಲು ದಪ್ಪ ಉಳಿಸಿ ಕಡೆದು, ನೆರಳಿನಲ್ಲಿಟ್ಟು, ಆಗಾಗ ತೂಗಿ ನೋಡಿ, ತೂಕ ಇಳಿಯುವುದು ನಿಂತ ಮೇಲೆಯೇ ಕೊನೆಯ ಕೆಲಸಕ್ಕೆ ತೆಗೆದುಕೊಳ್ಳಬೇಕು. ಬೇಸಗೆಯ ಬಿಸಿಗಾಳಿಯಲ್ಲಿ ಒಮ್ಮೆಲೆ ಒಣಗಿಸಿದರೆ ಸೀಳುತ್ತದೆ.

ಕೊನೆಯ ಕೆಲಸದಲ್ಲಿಯೂ ಒಂದು ಅನುಕ್ರಮವುಂಟು. ನಡುವಿನಲ್ಲಿ ಇನ್ನೂ ಗಟ್ಟಿ ಮರ ಇರುವಾಗಲೇ ಕಂಠವನ್ನು ಹೆರೆದು ಮುಗಿಸಿಬಿಡಬೇಕು, ಆಮೇಲೆ ಒಳಕ್ಕೆ ಇಳಿಯಬೇಕು. ಒಳಗೆಲ್ಲ ತೋಡಿದ ಬಳಿಕ ಮತ್ತೆ ಕಂಠಕ್ಕೆ ಹಿಂದಿರುಗಿದರೆ ತೆಳುವಾದ ಗೋಡೆ ನಡುಗಿ ಬಟ್ಟಲು ಕೀಚಲು ದನಿಯಲ್ಲಿ ಕೂಗುತ್ತದೆ, ಮೈಮೇಲೆ ನೀರಿನ ತೆರೆಗಳಂಥ ಗೀರುಗಳು ಮೂಡುತ್ತವೆ. ಹೊರಗಿನಿಂದ ಎಡಗೈಯ ಬೆರಳುಗಳನ್ನು ಹಗುರವಾಗಿ ಆನಿಸಿ ಗೋಡೆಗೆ ಆಸರೆ ಕೊಡುವುದು ಹಳೆಯ ಉಪಾಯ. ಎಷ್ಟು ಮಾಡಿದರೂ ಬಿಡದ ಒರಟು ಕಲೆಯಿದ್ದರೆ, ಅದಕ್ಕೆ ಸ್ವಲ್ಪ ಎಣ್ಣೆಯನ್ನೋ ನೀರನ್ನೋ ಸವರಿ ನಾರನ್ನು ಮೆತ್ತಗೆ ಮಾಡಿ, ಆಗತಾನೆ ಮಸೆದ ಉಳಿಯಿಂದ ಗಾಳಿಯಷ್ಟು ಹಗುರವಾಗಿ ಒಂದು ಸಲ ಹೆರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಡಸಲನ್ನು ನಿಲ್ಲಿಸಿ, ತೆಳುವಾದ ಉಕ್ಕಿನ ತಗಡಿನಿಂದ ನಾರಿನ ಒಲವನ್ನು ನೋಡಿಕೊಂಡು ಬರಿಗೈಯಲ್ಲಿ ಹೆರೆಯುವುದೇ ದಾರಿ.

ಇಷ್ಟೆಲ್ಲ ಕಷ್ಟವೇತಕ್ಕೆ, ಮರಳುಕಾಗದ ಹಿಡಿದು ಉಜ್ಜಿದರಾಗದೇ ಎಂದು ತಾವು ಕೇಳಬಹುದು. ಆಗುತ್ತದೆ, ಅನೇಕ ಕಡೆ ಆಗುತ್ತಲೂ ಇದೆ. ಕಿತ್ತುಹೋದ ನಾರಿನ ಗುಣಿ ಆಳವಾದದ್ದು. ಅದನ್ನು ಕಾಗದದಿಂದ ಅಳಿಸಬೇಕಾದರೆ ಅದರ ಸುತ್ತಲಿನ ಒಳ್ಳೆಯ ಮರವನ್ನೆಲ್ಲ ಆ ಗುಣಿಯ ಮಟ್ಟಕ್ಕೆ ಸವೆಯಿಸಬೇಕು. ಮೆತ್ತನೆಯ ಪದರು ಬೇಗ ಸವೆಯುತ್ತದೆ, ಗಡಸು ಪದರು ನಿಲ್ಲುತ್ತದೆ, ದುಂಡಗಿದ್ದದ್ದು ಏರುಪೇರಾಗುತ್ತದೆ. ಉಜ್ಜಿದ ಬಿಸಿಗೆ ತೆಳು ಬಟ್ಟಲಿನ ನಾರಿನ ತುದಿಗಳಲ್ಲಿ ಸಣ್ಣ ಬಿರುಕುಗಳೇಳುತ್ತವೆ. ಬಟ್ಟಲಿನ ನಷ್ಟ ಇಷ್ಟು. ಮನುಷ್ಯನ ನಷ್ಟ ಇದಕ್ಕಿಂತ ದೊಡ್ಡದು. ಹೆರೆದ ಸುರುಳಿ ನೆಲಕ್ಕೆ ಬೀಳುತ್ತದೆ. ಉಜ್ಜಿದ ದೂಳು ಗಾಳಿಯಲ್ಲಿ ನಿಂತು ಉಸಿರಿನೊಡನೆ ಒಳಗೆ ಹೋಗುತ್ತದೆ. ಮರದ ದೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗತಕ್ಕದ್ದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೯೫ರಲ್ಲಿಯೇ ಪ್ರಕಟಿಸಿದೆ. ಮೂಗು ಮತ್ತು ಅದರ ಸುತ್ತಣ ಎಡೆಗಳಿಗೆ ಬರುವ ಕ್ಯಾನ್ಸರು ಅದರಲ್ಲಿ ಮುಖ್ಯವಾದದ್ದು. ಉಬ್ಬಸ, ಕೆಮ್ಮುಗಳ ಮಾತು ಬೇರೆ. ಕಿಟಕಿಯಿಲ್ಲದ ಚಿಕ್ಕ ಕೊಟ್ಟಿಗೆಯಲ್ಲಿ ದಿನವೆಲ್ಲ ಕುಳಿತು ಉಜ್ಜುವವನು ಬಾಯಿಗೆ ಒಂದು ವಸ್ತ್ರ ಕಟ್ಟಿಕೊಂಡರೆ ಸಾಲದು. ಕಾಗದವನ್ನು ಪೂರ್ತಿಯಾಗಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಚೆನ್ನಾಗಿ ಹೆರೆದ ಬಟ್ಟಲಿಗೆ ನಯವಾದ ಕಾಗದದ ಎರಡು ಸವರು ಸಾಕು. ಕೆಟ್ಟದಾಗಿ ಹೆರೆದದ್ದಕ್ಕೆ ಒರಟು ಕಾಗದದಿಂದ ಆರಂಭಿಸಿ ಐದಾರು ಬಗೆ ಬೇಕು. ಈ ಅಂತರವೇ ಆ ಮನುಷ್ಯನ ಎದೆಗೂಡಿನೊಳಗೆ ಸೇರುವ ದೂಳಿನ ಅಂತರ. ಕೂಲಿಯನ್ನು ಬಟ್ಟಲಿಗಿಷ್ಟು ಎಂದು ಎಣಿಸುವಲ್ಲಿ ಉಳಿ ಮಸೆಯುವ ಹೊತ್ತಿಗೆ ಬೆಲೆಯಿಲ್ಲ. ಕೊಳ್ಳುವವರೂ ಬಣ್ಣ ನೋಡಿ ಕೊಳ್ಳುತ್ತಾರೆ. ಹಾಗಿರುವಾಗ ಅವನು ಮಸೆಗಲ್ಲಿಗೆ ಏಕೆ ಎದ್ದುಹೋದಾನು?

ಚನ್ನಪಟ್ಟಣದ ಕ್ರಮದಲ್ಲಿ ಇದಕ್ಕೊಂದು ಒಳ್ಳೆಯ ಪಾಠವಿದೆ. ೨೦೦೫-೦೬ರ ಸಾಲಿನಲ್ಲಿ ಭೌಗೋಳಿಕ ಗುರುತನ್ನು ಪಡೆದ ಅಲ್ಲಿಯ ಗೊಂಬೆಗಳಿಗೆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿಕೊಂಡ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಯ ಗರಿ, ಎಂದರೆ ಕೇದಗೆಯ ಗರಿಯನ್ನು ಒತ್ತಿ ಹಿಡಿದು ಅದನ್ನು ಸಮವಾಗಿ ಹರಡಿ ಹೊಳಪು ತರುತ್ತಾರೆ. ದಪ್ಪನೆಯ ಪೇಂಟು ಮರದ ದೋಷವನ್ನು ಮುಚ್ಚುತ್ತದೆ. ತೆಳುವಾದ ಅರಗು ಮುಚ್ಚುವುದಿಲ್ಲ. ಅದರ ಹೊಳಪಿನಲ್ಲಿ ಕೆಳಗಣ ಒಂದೊಂದು ಗೀರೂ ಎದ್ದು ಕಾಣುತ್ತದೆ. ಆದುದರಿಂದ ಮರವು ಅರಗು ಮುಟ್ಟುವ ಮುಂಚೆಯೇ ನುಣುಪಾಗಿರಬೇಕು. ಹಿಂದಿನವರ ಕೈಕಡಸಲಿನಲ್ಲಿ ಬಿಲ್ಲಿನ ಹಗ್ಗ ಎಳೆದಂತೆಲ್ಲ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತಿತ್ತು. ಉಳಿ ಕೆಲಸಮಾಡುತ್ತಿದ್ದುದು ಒಂದೇ ದಿಕ್ಕಿನಲ್ಲಿ. ವಿದ್ಯುತ್ತಿನ ಕಡಸಲು ವೇಗವನ್ನು ಕೊಟ್ಟಿತು. ಅಂಚನ್ನು ಅದು ಕೊಡಲಾರದು.

ಪೇಟೆಯಲ್ಲಿ ಬಟ್ಟಲು ಕೊಳ್ಳುವವರು ಮಾಡಬಹುದಾದ ಪರೀಕ್ಷೆ ಸುಲಭ. ಬಣ್ಣವಿಲ್ಲದ್ದನ್ನೇ ಕೇಳಿರಿ, ಅನ್ನಕ್ಕೋ ಹಣ್ಣಿಗೋ ಬಳಸುವುದಾದರೆ ಎಣ್ಣೆ ಸವರಿದ ಬರಿಮರವೇ ಒಳ್ಳೆಯದು. ಕಣ್ಣು ಮುಚ್ಚಿ ಒಂದು ಬೆರಳನ್ನು ಕಂಠದ ಕೆಳಗೆ ಪೂರ್ತಿ ಒಂದು ಸುತ್ತು ತಿರುಗಿಸಿರಿ. ಎದುರುಬದುರಾದ ಎರಡು ಕಡೆಗಳಲ್ಲಿ ಬೆರಳು ತಡೆಯುತ್ತದೆಯೋ ಎಂಬುದನ್ನು ಗಮನಿಸಿರಿ. ಬಾಗಿಲ ಬಳಿ ತಂದು ಓರೆ ಬೆಳಕಿನಲ್ಲಿ ಒಳತಳವನ್ನು ನೋಡಿರಿ; ಅಲ್ಲಿ ತೆರೆಗಳಿದ್ದರೆ ಕಾಣುತ್ತವೆ. ಅಂಗಡಿಯವನು ಒಪ್ಪಿದರೆ ಎಣ್ಣೆ ತಾಗದ ಅಡಿಯ ಮೇಲೆ ಒಂದು ಹನಿ ನೀರು ಹಾಕಿ ಒಣಗಲು ಬಿಡಿರಿ. ಕಾಗದದಿಂದ ಒತ್ತಿ ಮಲಗಿಸಿದ ನಾರಾಗಿದ್ದರೆ ನೀರು ಕುಡಿದು ಎದ್ದು ನಿಲ್ಲುತ್ತದೆ, ಮುಟ್ಟಿದರೆ ಮುಳ್ಳುಮುಳ್ಳಾಗಿರುತ್ತದೆ. ಉಳಿಯಿಂದ ಕತ್ತರಿಸಿದ ನಾರಾಗಿದ್ದರೆ ಹನಿ ಆರಿದ ಮೇಲೆಯೂ ಆ ಜಾಗ ಮೊದಲಿನಂತೆಯೇ ಬೆರಳಿಗೆ ಸಿಕ್ಕುತ್ತದೆ. ಅಂಥ ಬಟ್ಟಲಿಗೆ ಅವನು ನಾಲ್ಕು ಕಾಸು ಹೆಚ್ಚು ಹೇಳಿದರೆ ಚೌಕಾಶಿ ಮಾಡದೆ ಕೊಟ್ಟು ತನ್ನಿರಿ.